ಅತ್ತೆಗೆ ಟ್ರಮಡಾಲ್ ಮಾತ್ರೆ ಕೊಡಬಹುದಾ?

ನಿಮ್ಮ ಅತ್ತೆಗೆ 76 ವರ್ಷ, ಊರಿಂದ ಮುಂಬೈಗೆ ಬಂದಿದ್ದಾರೆ. ಬೆನ್ನು ನೋವಿಗೆ ಇಲ್ಲಿನ ಡಾಕ್ಟರ್ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಬರೆದಿದ್ದಾರೆ. ಪಕ್ಕದ ಮನೆಯವರು ‘ಚಟ ಹತ್ತುತ್ತೆ’ ಅಂದರಂತೆ. ಕೊಡಬೇಕಾ ಬೇಡವಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಡೊಂಬಿವಲಿಯಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ, ಡಾಕ್ಟರ್ ಅಲ್ಲ. ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಟ್ರಮಡಾಲ್ ಒಪಿಯಾಯ್ಡ್ ಜಾತಿಯದು, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವಿನ ಔಷಧ; 2018ರಿಂದ ಮಾದಕ ವಸ್ತು ಕಾನೂನಿನ ಅಡಿಗೆ ಬಂದಿದೆ. ಚೀಟಿ ಇಲ್ಲದೆ ನಾವು ಕೊಡುವ ಹಾಗಿಲ್ಲ. ಆದರೆ ಡಾಕ್ಟರ್ ಹೇಳಿದಷ್ಟೇ, ಕೆಲವೇ ದಿನ ತೆಗೆದುಕೊಂಡರೆ ಚಟದ ಭಯ ಕಡಿಮೆ. ಈ ವಯಸ್ಸಿನವರ ವಿಷಯದಲ್ಲಿ ನನಗೆ ಅದಕ್ಕಿಂತ ಹೆದರಿಕೆ ಅವರು ಬೀಳುವುದರದ್ದು. ವಯಸ್ಸಾದಂತೆ ಕಿಡ್ನಿ, ಲಿವರ್ ನಿಧಾನವಾಗುತ್ತವೆ, ಔಷಧ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಮಂಪರು, ತಲೆಸುತ್ತು ಬರುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಜಾರಿದರೆ ಸೊಂಟದ ಮೂಳೆಯೇ ಮುರಿಯಬಹುದು. ಮೊದಲ ಕೆಲವು ರಾತ್ರಿ ಲೈಟ್ ಹಾಕಿಡಿ, ಜೊತೆಗೆ ಯಾರಾದರೂ ಹೋಗಿ.

ನಮ್ಮವರ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಊರಿನ ಡಾಕ್ಟರ್ ಬರೆದ ಮಾತ್ರೆ ಒಂದು ಚೀಲ, ಇಲ್ಲಿಯವರು ಬರೆದದ್ದು ಇನ್ನೊಂದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಊರಿನ ಚೀಲದಲ್ಲಿ ಅಲ್ಪ್ರಜೋಲಂನಂಥ ನಿದ್ದೆ ಮಾತ್ರೆ ಇದ್ದರೆ ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸಬಹುದು. ಅಮೆರಿಕದ ಔಷಧ ಇಲಾಖೆ 2016ರಲ್ಲಿ ಈ ಜೋಡಿಯ ಬಗ್ಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ನರನೋವಿಗೆ ಕೊಡುವ ಪ್ರಿಗಾಬಲಿನ್, ಖಿನ್ನತೆಯ ಮಾತ್ರೆ ಇದ್ದರೂ ಹೇಳಲೇಬೇಕು. ಹಿಂದೆ ಫಿಟ್ಸ್ ಬಂದಿದ್ದರೂ ಅಷ್ಟೇ. ಎರಡೂ ಚೀಲ ಹಾಗೇ ಎತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಸಂಕೋಚ ಯಾಕೆ? ಜ್ವರ ಬಂತೆಂದು ಮೇಲಿಂದ ಸುಮ್ನೆ ಪ್ಯಾರಾಸಿಟಮಾಲ್ ಕೊಡಬೇಡಿ, ಈ ಮಾತ್ರೆಯಲ್ಲೇ ಅದು ಇದೆ.

ಈ ಮಾತ್ರೆಯಿಂದ ಮಲಬದ್ಧತೆ ಆಗುವುದು ಸಾಮಾನ್ಯ. ಎಲ್ಲರೂ ಇಸಬ್‌ಗೋಲ್ ಕೇಳುತ್ತಾರೆ. ನೀರು ಕಡಿಮೆ ಕುಡಿಯುವ ವಯಸ್ಸಾದವರಿಗೆ ಅದು ಒಳಗೇ ಗಟ್ಟಿಯಾಗಿ ಕೂರಬಹುದು. ಲ್ಯಾಕ್ಟುಲೋಸ್ ಸಿರಪ್ ಕೊಡಬಹುದಾ ಅಂತ ಮೊದಲೇ ಕೇಳಿಬಿಡಿ.

ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ. ಟ್ರಮಡಾಲಿನಿಂದ ರಕ್ತದಲ್ಲಿ ಸೋಡಿಯಂ ಇಳಿದು ಹೀಗಾಗುವುದೂ ಉಂಟು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ 108ಕ್ಕೆ ಫೋನ್ ಮಾಡಿ, ಕಾಯಬೇಡಿ.

ಇಷ್ಟೆಲ್ಲ ಓದಿ ಹೆದರಿ, ನೀವೇ ಡೈಕ್ಲೋಫೆನಾಕ್ ಅನ್ನುವ ಇನ್ನೊಂದು ನೋವಿನ ಮಾತ್ರೆಗೆ ಬದಲಾಯಿಸಬೇಡಿ. ಈ ವಯಸ್ಸಿಗೆ ಅದು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು, ಕಿಡ್ನಿಗೂ ಪೆಟ್ಟು. ನೋವು ತಡೆದುಕೊಂಡು ಮಲಗಿಯೇ ಇರುವುದೂ ಒಳ್ಳೆಯದಲ್ಲ ಅಲ್ವಾ? ವಾರಗಟ್ಟಲೆ ತೆಗೆದುಕೊಂಡಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದಂತೆ ಇಳಿಸುತ್ತಾ ಬರಬೇಕು.

ಅತ್ತೆ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರಾ, ನೀವು ಬರೆದಿಲ್ಲ. ಇವತ್ತು ರಾತ್ರಿಯ ಮಾತ್ರೆ ಕೊಡುವ ಮೊದಲು ಅದನ್ನೊಂದು ನೋಡಿಬಿಡಿ.