ಏಳು ಜನ ಕೂರುವ ಮೇಜು

ಪ್ರಶ್ನೆ: ಅಕ್ಕಾ, ರಜೆಗೆ ಬಂದ ಮಗಳು ‘ಕಮ್ಯೂನಿಟಿ’ ಅನ್ನೋ ಅಮೆರಿಕದ ಸೀರಿಯಲ್ ತೋರಿಸಿದಳು. ಕಾಲೇಜು ಕಥೆ ಅಂದಳು. ನೋಡಿದರೆ ಕ್ಲಾಸಿನಲ್ಲಿ ಮಕ್ಕಳ ತಾಯಿಯೂ ಇದ್ದಾಳೆ, ತಲೆ ನರೆತವರೂ ಇದ್ದಾರೆ. ನಿಜವಾಗಲೂ ಅಲ್ಲಿ ಇಂಥ ಕಾಲೇಜು ಇರುತ್ತಾ? 1998ರಲ್ಲಿ ಪಿಯುಸಿ ಪಾಸಾದ ವರ್ಷವೇ ನನ್ನ ಮದುವೆಯಾಯಿತು. ನನ್ನಂಥವರಿಗೆ ನಮ್ಮ ಕಡೆ ದಾರಿ ಏನಾದರೂ ಇದೆಯಾ?
— ಓದುಗರೊಬ್ಬರು, ಮಂಡ್ಯ

ಉತ್ತರ: ತಂಗಿ, ಇರುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ.

ಮೊದಲು ಸೀರಿಯಲ್ ವಿಷಯ. 2009ರಿಂದ 2015ರವರೆಗೆ ಆರು ಸೀಸನ್, ಒಟ್ಟು 110 ಕಂತು ಬಂದವು. ಕಾಲೇಜಿಗೆ ಕಾಲೇಜೇ ಬಣ್ಣದ ಗುಂಡಿನ ಬಂದೂಕು ಹಿಡಿದು ಕಾದಾಡುವುದು, ಕಂಬಳಿಯಲ್ಲಿ ಕೋಟೆ ಕಟ್ಟುವುದು, ಅಬೆದ್ ಎಂಬ ಹುಡುಗ ಏನು ಕಂಡರೂ ಸಿನಿಮಾಕ್ಕೆ ಹೋಲಿಸುವುದು, ಇವೆಲ್ಲ ಕಟ್ಟುಕತೆ. ಆದರೆ ಬೇರು ನಿಜದ್ದು. ಇದನ್ನು ಬರೆದ ಡ್ಯಾನ್ ಹಾರ್ಮನ್ ಮೂವತ್ತು ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಕಮ್ಯೂನಿಟಿ ಕಾಲೇಜಿಗೆ ಸೇರಿದ್ದರು. ಅಲ್ಲಿ ಜೊತೆಗೆ ಓದಲು ಕೂತ ಅಪರಿಚಿತರೇ ಕೊನೆಗೆ ಆಪ್ತರಾದರು. ಸೀರಿಯಲ್ಲಿನ ಗ್ರೀನ್‌ಡೇಲ್ ಕಾಲೇಜಿನಲ್ಲಿ ಒಂದೇ ಮೇಜಿನ ಸುತ್ತ ಕೂತು ಓದುವ ಏಳು ಜನರಿಗೆ ಆ ಗುಂಪೇ ಸ್ಫೂರ್ತಿ.

ಕೆಲವು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳು ನಲವತ್ತೊಂದನೇ ವಯಸ್ಸಿನಲ್ಲಿ ಅಕೌಂಟಿಂಗ್ ಕಲಿಯಲು ಇಂಥದೇ ಕಾಲೇಜಿಗೆ ಸೇರಿದ್ದಳು. ವಾರಕ್ಕೆ ಎರಡು ಸಂಜೆ ನಾನೂ ಜೊತೆಗೆ ಹೋಗಿ ಲೈಬ್ರರಿಯಲ್ಲಿ ಕೂರುತ್ತಿದ್ದೆ. ಮೊದಲು ಕಂಡದ್ದು ಕಾರು ನಿಲ್ಲಿಸುವ ಬಯಲು. ಕಾಲೇಜಿಗಿಂತ ಅದೇ ದೊಡ್ಡದು! ಹಾಸ್ಟೆಲ್ ಇರಲಿಲ್ಲ. ಅಂಥ ಹೆಚ್ಚಿನ ಕಾಲೇಜುಗಳಲ್ಲಿ ಇರುವುದೂ ಇಲ್ಲ. ಸಂಜೆ ಆರಕ್ಕೆ ಕೆಲಸ ಮುಗಿಸಿದವರು ಒಬ್ಬೊಬ್ಬರೇ ಬರುತ್ತಿದ್ದರು. ನನ್ನ ಎದುರಿಗೆ ಅಂಗಡಿಯ ಬ್ಯಾಡ್ಜು ಇನ್ನೂ ಎದೆಯ ಮೇಲಿದ್ದ ಹೆಂಗಸೊಬ್ಬಳು ಕೂತು, ಮಗುವಿಗೆ ಬಣ್ಣ ಹಚ್ಚುವ ಪುಸ್ತಕ ಕೊಟ್ಟು, ತಾನು ಬೀಜಗಣಿತ ಮಾಡುತ್ತಿದ್ದಳು. ಮಗು ನಡುನಡುವೆ ಅವಳ ಪೆನ್ಸಿಲನ್ನೇ ಕಿತ್ತುಕೊಳ್ಳುತ್ತಿತ್ತು. ಅವಳು ಮಾತಾಡದೆ ಚೀಲದಿಂದ ಇನ್ನೊಂದು ತೆಗೆಯುತ್ತಿದ್ದಳು. ಚೀಲದಲ್ಲಿ ಐದಾರು ಪೆನ್ಸಿಲ್ ಇಟ್ಟುಕೊಂಡೇ ಬಂದಿದ್ದಳು.

ಇವು ಸರ್ಕಾರಿ ಹಣದಲ್ಲಿ ನಡೆಯುವ ಎರಡು ವರ್ಷದ ಕಾಲೇಜುಗಳು. ಇಲಿನಾಯ್ಸ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದು ಇವುಗಳಲ್ಲಿ ತುಂಬ ಹಳೆಯದು. ಕ್ಯಾಲಿಫೋರ್ನಿಯಾ ಒಂದರಲ್ಲೇ ನೂರಕ್ಕೂ ಜಾಸ್ತಿ ಇವೆ. ಹದಿನೆಂಟು ದಾಟಿದವರನ್ನು ಅಂಕ ನೋಡಿ ವಾಪಸ್ ಕಳಿಸುವುದಿಲ್ಲ. ನರ್ಸಿಂಗ್‌ನಂಥ ಕೋರ್ಸಿಗೆ ಮಾತ್ರ ಬೇರೆ ಆಯ್ಕೆ ಇದೆ. ಕಾರು ರಿಪೇರಿ, ವೆಲ್ಡಿಂಗ್ ಕೂಡ ಕಲಿಸುತ್ತಾರೆ. ಎರಡು ವರ್ಷ ಇಲ್ಲಿ ಓದಿ, ಆಮೇಲೆ ಯೂನಿವರ್ಸಿಟಿಗೆ ಹೋಗಿ ಡಿಗ್ರಿ ಮುಗಿಸುವವರೂ ತುಂಬ. ಬೇರೆ ದೇಶದಿಂದ ಹೋದವರಿಗೆ ಫೀಸು ಎಷ್ಟೋ ಪಟ್ಟು ಜಾಸ್ತಿ. ಮಗಳು ಆಸೆಪಟ್ಟರೆ ಅದನ್ನು ಮೊದಲೇ ವಿಚಾರಿಸಿ.

ಈಗ ನಿಮ್ಮ ವಿಷಯ. ನಿಮ್ಮಿಂದ ನಲವತ್ತೈದು ಕಿಲೋಮೀಟರ್ ದೂರದಲ್ಲಿ, ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. 1996ರಲ್ಲಿ ಶುರುವಾದದ್ದು. ಪಿಯುಸಿ ಪಾಸಾಗಿದ್ದೀರಿ, ಬಿ.ಎ. ಅಥವಾ ಬಿ.ಕಾಂ.ಗೆ ಸೇರಬಹುದು. ವಯಸ್ಸು ಅಡ್ಡ ಬರುವುದಿಲ್ಲ. ಅಂಕಪಟ್ಟಿ ಟ್ರಂಕಿನ ತಳದಲ್ಲಿದ್ದರೆ ಇವತ್ತೇ ತೆಗೆದಿಡಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಅದಕ್ಕೆ ಏನು ದಾಖಲೆ ಬೇಕು ಅಂತಲೂ ಕೇಳಿಕೊಳ್ಳಿ.

ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿಯ ಹಾಗೆ ವಾರವಾರ ಕೂತು ಓದುವ ಮೇಜು ಇಲ್ಲಿ ಇರುವುದಿಲ್ಲ. ಪಾಠದ ಪುಸ್ತಕ ಕೊಡುತ್ತಾರೆ, ಕೆಲವು ದಿನ ಸಂಪರ್ಕ ತರಗತಿ. ಉಳಿದದ್ದೆಲ್ಲ ಮನೆಯಲ್ಲಿ, ಕುಕ್ಕರ್ ಕೂಗಿನ ನಡುವೆ. ಸುಮಾರು ಜನ ಅರ್ಧಕ್ಕೆ ಬಿಡುವುದು ಇಲ್ಲೇ. ಬುದ್ಧಿ ಸಾಲದೆ ಅಲ್ಲ, ಜೊತೆ ಸಾಲದೆ.

ನಾನು ಮೂವತ್ತಾರನೇ ವಯಸ್ಸಿನಲ್ಲಿ, ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದಾಗ, ಅಂಚೆ ತೆರಪಿನ ಶಿಕ್ಷಣದಲ್ಲಿ ಕನ್ನಡ ಎಂ.ಎ. ಕಟ್ಟಿದೆ. ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ಕೈಯಲ್ಲಿತ್ತು. ಸಂಪರ್ಕ ತರಗತಿಯ ಎರಡನೇ ದಿನ ನಾವು ಐದು ಜನ ಊಟಕ್ಕೆ ಒಂದೇ ಮರದ ಕೆಳಗೆ ಕೂತೆವು. ಬಸ್ ಕಂಡಕ್ಟರ್ ಒಬ್ಬರು, ಇಬ್ಬರು ಪ್ರೈಮರಿ ಮೇಷ್ಟರು, ತಿ. ನರಸೀಪುರದ ಒಬ್ಬ ಗೃಹಿಣಿ, ನಾನು. ಆಮೇಲೆ ತಿಂಗಳಿಗೊಂದು ಭಾನುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತಿದ್ದೆವು. ಕಂಡಕ್ಟರ್ ಟಿಕೆಟ್ ಹರಿಯುವ ಬೆರಳಲ್ಲೇ ಹಾಳೆ ತಿರುವುತ್ತಾ ಪಂಪನ ಪದ್ಯ ಓದುತ್ತಿದ್ದರು. ನಮಗೆ ಬಿಡಿಸಲಾಗದ ಹಳಗನ್ನಡವನ್ನು ಅವರು ರಾಗವಾಗಿ ಓದಿದರೆ ಅರ್ಧ ಅರ್ಥ ತಾನೇ ಬಿಡಿಸಿಕೊಳ್ಳುತ್ತಿತ್ತು. ಐದು ಜನರೂ ಪಾಸಾದೆವು.

ಅದಕ್ಕೇ ಹೇಳುತ್ತೇನೆ, ಮೊದಲ ತರಗತಿಯ ದಿನವೇ ಮಂಡ್ಯ, ಮದ್ದೂರು ಕಡೆಯವರು ಯಾರಿದ್ದಾರೆ ಅಂತ ವಿಚಾರಿಸಿ. ಇಬ್ಬರು ಸಿಕ್ಕರೂ ಸಾಕು. ಫೋನ್ ನಂಬರ್ ಬರೆದುಕೊಳ್ಳಿ, ತಿಂಗಳಿಗೊಮ್ಮೆ ನಿಮ್ಮ ಮನೆಗೇ ಕರೆಯಿರಿ. ಸೀರಿಯಲ್ಲಿನ ಶರ್ಲಿಯೂ ಗಂಡ ಬಿಟ್ಟುಹೋದ ಮೇಲೆ ಮಕ್ಕಳನ್ನು ಕಟ್ಟಿಕೊಂಡೇ ಆ ಮೇಜಿಗೆ ಬಂದವಳು, ಅಲ್ವಾ? ಅಡ್ಮಿಶನ್ ಆದ ದಿನ ನನಗೊಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.