ಜಂಟಿ ಸಮರಾಭ್ಯಾಸದಲ್ಲಿ ವಿಮಾನವಾಹಕ ನೌಕೆಗೆ ನಡುಗಡಲಲ್ಲೇ ಡೀಸೆಲ್, ದಿನಸಿ ತುಂಬಿಸುವುದು ಹೇಗೆ? ಎರಡೂ ಹಡಗು ನಿಲ್ಲಿಸುತ್ತಾರಾ?

ಇಲ್ಲ, ಓಡುತ್ತಿರುವಾಗಲೇ ತುಂಬಿಸುತ್ತಾರೆ. ನಿಂತ ಹಡಗು ಚುಕ್ಕಾಣಿಯ ಮಾತು ಕೇಳುವುದಿಲ್ಲ, ಅಲೆ ತಳ್ಳಿದ ಕಡೆ ತಿರುಗುತ್ತದೆ. ಹಾಗಾಗಿ ಟ್ಯಾಂಕರ್, ಅಂದರೆ ಇಂಧನ ಹೊತ್ತ ಹಡಗು, ಒಂದೇ ದಿಕ್ಕು, ಒಂದೇ ವೇಗ ಹಿಡಿದು ಹೋಗುತ್ತಿರುತ್ತದೆ. ಗಂಟೆಗೆ 12ರಿಂದ 16 ನಾಟಿಕಲ್ ಮೈಲು. ವಿಮಾನವಾಹಕ ಹಿಂದಿನಿಂದ ಬಂದು ಪಕ್ಕಕ್ಕೆ ಸೇರಿಕೊಳ್ಳುತ್ತದೆ. ನಡುವೆ 50 ಮೀಟರ್ ಆಸುಪಾಸು, ಅಷ್ಟೇ.

ನಾನು ಕುಂಬಳೆಯವನು. ನೌಕಾಪಡೆಯ ಟ್ಯಾಂಕರಿನ ಡೆಕ್ಕಿನಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಮೊದಲು ಬಂದೂಕಿನಿಂದ ಸಣ್ಣ ದಾರ ಹಾರಿಸುತ್ತೇವೆ. ಸೀಟಿ ಕೇಳಿದ ಕೂಡಲೇ ಆಚೆಯವರೆಲ್ಲ ಮರೆಗೆ ಸರಿಯಬೇಕು. ದಾರದ ತುದಿಗೆ ಹಗ್ಗ, ಹಗ್ಗದ ತುದಿಗೆ ಉಕ್ಕಿನ ತಂತಿ. ಆ ತಂತಿ ಬಿಗಿಯಾಗಿ ನಿಂತ ಮೇಲೆ ರಾಟೆಗಳಲ್ಲಿ ನೇತಾಡುತ್ತಾ ದಪ್ಪ ಹೋಸ್ ಪೈಪು ಹೋಗುತ್ತದೆ. ಪೈಪಿನ ಮೂತಿ ಆಚೆಯ ಬಾಯಿಗೆ ಕೂತಿತೋ, ಪಂಪು ಶುರು. ನಮ್ಮ ಐಎನ್‌ಎಸ್ ದೀಪಕ್ ಟ್ಯಾಂಕರ್ ಗಂಟೆಗೆ 1,500 ಟನ್ ಕೊಡಬಲ್ಲದು.

ನಿಜವಾದ ಕಷ್ಟ ಚುಕ್ಕಾಣಿ ಹಿಡಿದವನದು. ಎರಡು ಹಡಗಿನ ನಡುವೆ ಸಿಕ್ಕಿದ ನೀರು ಜೋರಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಹಡಗುಗಳು ಒಂದನ್ನೊಂದು ಸೆಳೆಯುತ್ತವೆ. ಮಂಜೇಶ್ವರದ ಬೋಟಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಪಕ್ಕಪಕ್ಕ ಓಡುವ ಬೋಟುಗಳಲ್ಲಿ ದಿನಾ ನೋಡುತ್ತಾರೆ. ಆದರೆ ನಮ್ಮ ವಿಮಾನವಾಹಕ ವಿಕ್ರಮಾದಿತ್ಯದ ತೂಕ 44,000 ಟನ್‌ಗೂ ಜಾಸ್ತಿ! ಅಂತರ ತೋರಿಸಲು ಬಣ್ಣದ ಬಾವುಟ ಕಟ್ಟಿದ ಹಗ್ಗವೊಂದು ಸದಾ ನಡುವೆ ಇರುತ್ತದೆ. ಅಪಾಯ ಅನಿಸಿದರೆ ಪೈಪು ಕಳಚಿ ದೂರ ಸರಿಯಲೇಬೇಕು.

ದಿನಸಿಯ ಲೆಕ್ಕವೂ ದೊಡ್ಡದು. ವಿಕ್ರಮಾದಿತ್ಯದಲ್ಲಿ 1,600ಕ್ಕೂ ಹೆಚ್ಚು ಜನ. ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು. ಇಂಥ ಸಾಮಾನನ್ನು ತಂತಿಯ ಮೇಲೂ ಕಳಿಸುತ್ತಾರೆ, ಬಲೆಯಲ್ಲಿ ಕಟ್ಟಿ ಹೆಲಿಕಾಪ್ಟರಿನಲ್ಲೂ ಇಳಿಸುತ್ತಾರೆ. 2020ರ ನವೆಂಬರಿನಲ್ಲಿ ಮಲಬಾರ್ ಎಂಬ ಜಂಟಿ ಅಭ್ಯಾಸಕ್ಕೆ ಅರಬ್ಬಿ ಸಮುದ್ರಕ್ಕೆ ಬಂದಿದ್ದ ಅಮೆರಿಕದ ನಿಮಿಟ್ಜ್ ಅಣುಶಕ್ತಿಯ ವಿಮಾನವಾಹಕ. ಅದರ ಎಂಜಿನ್ನಿಗೆ ಎಣ್ಣೆ ಬೇಡ, ಆದರೆ ವಿಮಾನಗಳಿಗೆ ಬೇಕು, ಜನರಿಗೆ ಊಟವೂ ಬೇಕು.

ಜಂಟಿ ಅಭ್ಯಾಸ ಅಂದರೆ ಸುಮ್ನೆ ಫೋಟೋಕ್ಕೆ ಸಾಲಾಗಿ ನಿಲ್ಲುವುದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೇರೆ ದೇಶದ ಹಡಗಿನ ಪಕ್ಕ ಅಷ್ಟು ಹತ್ತಿರ ಓಡಬೇಕಾದರೆ ಸಂಕೇತ, ಪೈಪಿನ ಮೂತಿ, ಕೆಲಸದ ಕ್ರಮ ಎಲ್ಲ ಹೊಂದಬೇಕು. ಅದನ್ನು ಮೊದಲೇ ಮಾಡಿ ಕಲಿಯಬೇಕು. 2016ರಲ್ಲಿ ಭಾರತ, ಅಮೆರಿಕ ಪರಸ್ಪರ ಪೂರೈಕೆಯ ಒಪ್ಪಂದ ಮಾಡಿಕೊಂಡವು. ಅದರಡಿ 2020ರ ಸೆಪ್ಟೆಂಬರಿನಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ತಲ್ವಾರ್ ಅರಬ್ಬಿ ಸಮುದ್ರದಲ್ಲೇ ಅಮೆರಿಕದ ಯುಕಾನ್ ಟ್ಯಾಂಕರಿನಿಂದ ಇಂಧನ ತುಂಬಿಸಿಕೊಂಡಿತು. ಬಂದರಿಗೆ ಹೋಗಿಬರುವ ದಿನಗಳು ಅಷ್ಟೂ ಉಳಿದವು.

ರಾತ್ರಿಯೂ ಈ ಕೆಲಸ ನಡೆಯುತ್ತದೆ, ಮಂದ ಬೆಳಕಿನಲ್ಲಿ.