ಬಟ್ಲರ್ ಇಂಗ್ಲಿಷ್ ಆಡಿದ ಬಟ್ಲರ್ ಯಾರು?

ಪ್ರಶ್ನೆ: ಇಂಗ್ಲೆಂಡಿನ ದೊಡ್ಡ ಮನೆಗಳ ಕಥೆಯುಳ್ಳ ಧಾರಾವಾಹಿಗಳಲ್ಲಿ ಕಪ್ಪು ಕೋಟು ತೊಟ್ಟ ಬಟ್ಲರ್ ಬಾಗಿಲು ತೆರೆಯುವುದನ್ನು, ಅತಿಥಿಗಳ ಹೆಸರು ಹೇಳುವುದನ್ನು ನೋಡಿದ್ದೇನೆ. ಅವನ ನಿಜವಾದ ಕೆಲಸವೇನಾಗಿತ್ತು? ಅವನು ಅಡುಗೆಯವನೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಟ್ಲರ್ ಅಡುಗೆಯವನಲ್ಲ. ಸೀಸೆ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಹುಟ್ಟಿದ ಹೆಸರು ಅದು. ಬಾಟಲ್ ಮತ್ತು ಬಟ್ಲರ್ ಎರಡಕ್ಕೂ ಬೇರು ಒಂದೇ. ಮಧ್ಯಯುಗದ ಅರಮನೆಗಳಲ್ಲಿ ದ್ರಾಕ್ಷಾರಸದ ಉಗ್ರಾಣ ಅವನ ವಶದಲ್ಲಿರುತ್ತಿತ್ತು. ಒಡೆಯನ ಪಾನಪಾತ್ರೆಯಲ್ಲಿ ಯಾರೂ ವಿಷ ಬೆರೆಸದಂತೆ ಕಾಯಬೇಕಾದ ಆ ಕೆಲಸವನ್ನು ಬಹಳ ನಂಬಿಕಸ್ಥರಿಗಲ್ಲದೆ ಒಪ್ಪಿಸುವಂತಿರಲಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೋಸೇಫನೊಡನೆ ಸೆರೆಯಲ್ಲಿದ್ದ ಫರೋಹನ ಸೇವಕನನ್ನು ಬಟ್ಲರ್ ಎಂದೇ ಕರೆದಿದೆ. ಕನ್ನಡ ಬೈಬಲಿನ ಪಾನದಾಯಕ ಅವನೇ. ಐರ್ಲೆಂಡಿನಲ್ಲಿ 1185ರಲ್ಲಿ ಥಿಯೊಬಾಲ್ಡ್ ವಾಲ್ಟರ್ ಎಂಬ ಸಾಮಂತನಿಗೆ ಮುಖ್ಯ ಬಟ್ಲರ್ ಎಂಬ ಪದವಿ ದೊರೆತು, ಆಮದಾಗುವ ದ್ರಾಕ್ಷಾರಸದಲ್ಲಿ ಪಾಲು ಪಡೆಯುವ ಹಕ್ಕೂ ಅವನ ವಂಶಕ್ಕೆ ಬಂದಿತು. ಪದವಿಯೇ ಕ್ರಮೇಣ ಆ ಮನೆತನದ ಹೆಸರಾಯಿತು. ಕವಿ ವಿಲಿಯಂ ಬಟ್ಲರ್ ಯೇಟ್ಸ್ ಅವರ ಹೆಸರಿನ ನಡುವೆ ಇರುವುದು ಅದೇ ಬಟ್ಲರ್.

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಸಿರಿವಂತರ ಮನೆಗಳಲ್ಲಿ ಅವನು ಗಂಡಾಳುಗಳ ಮುಖ್ಯಸ್ಥನಾದ. ತೀರ ದೊಡ್ಡ ಮನೆಗಳಲ್ಲಿ ಅವನ ಮೇಲೆ ಸ್ಟೂವರ್ಡ್ ಎಂಬ ಪಾರುಪತ್ಯಗಾರ ಇರುತ್ತಿದ್ದುದುಂಟು. ಹೆಣ್ಣಾಳುಗಳನ್ನು ನೋಡಿಕೊಳ್ಳುವ ಹೌಸ್‌ಕೀಪರಳದು ಬೇರೆಯೇ ಅಧಿಕಾರ. ಗಂಡಾಳುಗಳನ್ನು ಇಟ್ಟುಕೊಳ್ಳುವುದು ಎಂತಹ ಪ್ರತಿಷ್ಠೆಯ ಸಂಗತಿಯಾಗಿತ್ತೆಂದರೆ, ಅಮೆರಿಕದಲ್ಲಿ ನಡೆಯುತ್ತಿದ್ದ ಯುದ್ಧದ ಖರ್ಚಿಗಾಗಿ ಬ್ರಿಟಿಷ್ ಸರ್ಕಾರ 1777ರಲ್ಲಿ ತಲೆಗೊಂದು ಗಿನಿ ಎಂಬ ಚಿನ್ನದ ನಾಣ್ಯದಂತೆ ಗಂಡಾಳುಗಳ ಮೇಲೆ ತೆರಿಗೆ ಹಾಕಿತು. ಆ ತೆರಿಗೆ ಪೂರ್ತಿಯಾಗಿ ರದ್ದಾದದ್ದು 1937ರಲ್ಲಿ.

ಅವನ ಕೆಲಸದ ನಾಜೂಕು ತಿಳಿಯಬೇಕಾದರೆ ಹಳೆಯ ಪೋರ್ಟ್ ದ್ರಾಕ್ಷಾರಸವನ್ನು ಬಗ್ಗಿಸುವ ಬಗೆಯನ್ನು ನೋಡಬೇಕು. ವರ್ಷಗಟ್ಟಲೆ ಅಡ್ಡವಾಗಿ ಮಲಗಿದ್ದ ಸೀಸೆಯನ್ನು ಮುನ್ನಾದಿನವೇ ನಿಲ್ಲಿಸಿ, ಚರಟ ತಳಕ್ಕಿಳಿಯಲು ಬಿಟ್ಟು, ಅಲುಗದಂತೆ ಬಿರಡೆ ತೆಗೆದು, ಸೀಸೆಯ ಕತ್ತಿನ ಹಿಂದೆ ಮೇಣದಬತ್ತಿಯನ್ನಿಟ್ಟುಕೊಂಡು, ಕೈ ನಡುಗದಂತೆ ಒಂದೇ ಧಾರೆಯಾಗಿ ಗಾಜಿನ ಹೂಜಿಗೆ ಬಗ್ಗಿಸುತ್ತಾ ಹೋಗಬೇಕು. ಬತ್ತಿಯ ಬೆಳಕಿನಲ್ಲಿ ಚರಟದ ಕಪ್ಪು ಎಳೆಯೊಂದು ಕತ್ತಿನ ಬಳಿ ಕಂಡೊಡನೆ ನಿಲ್ಲಿಸಬೇಕು. ಬೆಳ್ಳಿಯ ಪಾತ್ರೆಗಳೂ ಅವನ ಹೊಣೆಯೇ. ರೂಜ್ ಎಂಬ ಕೆಂಪು ಪುಡಿಯನ್ನು ಕಲಸಿ, ಬರಿಯ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಿದ್ದರು. ಮೊದಮೊದಲು ಬೊಬ್ಬೆಯೇಳುತ್ತಿದ್ದ ಬೆರಳುಗಳು ಕಾಲಕ್ರಮೇಣ ಜಡ್ಡುಗಟ್ಟುತ್ತಿದ್ದವು. ಬೆಳ್ಳಿಯಿಟ್ಟ ಕೋಣೆಯ ಪಕ್ಕದಲ್ಲೇ ಬಟ್ಲರನೋ ಅವನ ಕೈಕೆಳಗಿನವನೋ ಮಲಗುವುದು ಅನೇಕ ಮನೆಗಳ ವಾಡಿಕೆಯಾಗಿತ್ತು. ಮನೆಯೊಡೆಯರು ಅವನನ್ನು ಬರಿಯ ಮನೆತನದ ಹೆಸರಿನಿಂದ ಕರೆದರೆ, ಅವನ ಕೈಕೆಳಗಿನ ಆಳುಗಳು ಆ ಹೆಸರಿನ ಹಿಂದೆ ‘ಮಿಸ್ಟರ್’ ಸೇರಿಸಬೇಕಾಗಿತ್ತು. ಎರಡು ಮಹಾಯುದ್ಧಗಳ ನಂತರ ಆಳುಗಳೂ ಸಿಗಲಿಲ್ಲ, ಅಷ್ಟು ಆಳುಗಳನ್ನು ಸಾಕುವ ಐಶ್ವರ್ಯವೂ ಹಲವು ಮನೆತನಗಳಲ್ಲಿ ಉಳಿಯಲಿಲ್ಲ.

ಪ್ರಶ್ನೆ: ಯಾರಾದರೂ ತಪ್ಪು ಇಂಗ್ಲಿಷ್ ಮಾತನಾಡಿದರೆ ನಮ್ಮ ತಂದೆಯವರು ‘ಬಟ್ಲರ್ ಇಂಗ್ಲಿಷ್’ ಎನ್ನುತ್ತಿದ್ದರು. ಬಟ್ಲರನಿಗೆ ಈ ಅಪಕೀರ್ತಿ ಏಕೆ ಬಂತು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ತಂದೆಯವರು ಹೇಳುತ್ತಿದ್ದ ಬಟ್ಲರ್ ಇಂಗ್ಲೆಂಡಿನವನಲ್ಲ, ಮದ್ರಾಸ್ ಪ್ರಾಂತ್ಯದವನು. ಅಲ್ಲಿನ ಇಂಗ್ಲಿಷರು ತಮ್ಮ ಮನೆಯ ಭಾರತೀಯ ಸೇವಕರ ಮುಖ್ಯಸ್ಥನನ್ನು ಆ ಹೆಸರಿನಿಂದ ಕರೆದರು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಮೇಲೆ ದಂಡಿನ ಬಂಗಲೆಗಳಿಗೂ, ಮುಂದೆ ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ದೊರೆಗಳ ಬಂಗಲೆಗಳಿಗೂ ಬಟ್ಲರ್ ಬಂದ.

ಬೆಳಗಾಗುತ್ತಲೇ ಪೇಟೆಗೆ ಹೋಗಿ ಚೌಕಾಸಿ ಮಾಡಿ ಮಾಂಸ, ತರಕಾರಿ, ಮೊಟ್ಟೆಗಳನ್ನು ತರುವುದು, ದೊರೆಸಾನಿಗೆ ಪೈಸೆ ಪೈಸೆಯ ಲೆಕ್ಕ ಒಪ್ಪಿಸುವುದು, ಅಡುಗೆಯವನು, ಆಯಾ, ಅಗಸ, ನೀರು ಹೊರುವವನು, ಕುದುರೆಯಾಳು ಇವರೆಲ್ಲರ ಜಗಳಗಳನ್ನು ಬಗೆಹರಿಸುವುದು, ರಾತ್ರಿ ಬಿಳಿಯ ಅಂಗಿ ತೊಟ್ಟು ಮೇಜಿನ ಬಳಿ ನಿಲ್ಲುವುದು, ಇವೆಲ್ಲವೂ ಅವನ ಪಾಲಿನ ಕೆಲಸಗಳಾಗಿದ್ದವು. ಮನೆಮಾತು ತಮಿಳೋ ತೆಲುಗೋ ಆಗಿದ್ದರೆ, ಬೆಂಗಳೂರಿನ ಪೇಟೆಯಲ್ಲಿ ಕನ್ನಡ, ಕುದುರೆಲಾಯದ ಬಳಿ ಉರ್ದು, ದೊರೆಸಾನಿಯ ಮುಂದೆ ಇಂಗ್ಲಿಷ್, ಹೀಗೆ ಒಂದೇ ಬೆಳಗಿನಲ್ಲಿ ನಾಲ್ಕು ಭಾಷೆಗಳಲ್ಲಿ ವ್ಯವಹರಿಸಬೇಕಾಗಿ ಬರುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದೆ, ಕಿವಿಯಿಂದಲೇ ಕಲಿತ ಭಾಷೆಗಳವು.

ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ರಚಿಸಿ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ, ಭಾರತದಲ್ಲಿದ್ದ ಇಂಗ್ಲಿಷರ ಬಳಕೆಯ ಪದಗಳ ಕೋಶದಲ್ಲಿ ಬಟ್ಲರ್ ಇಂಗ್ಲಿಷಿನ ವ್ಯಾಕರಣವೇ ಇದೆ. ‘ಐ ಟೆಲ್ಲಿಂಗ್’ ಎಂದರೆ ಮುಂದೆ ಹೇಳುತ್ತೇನೆ ಎಂದು ಅರ್ಥ. ‘ಐ ಡನ್ ಟೆಲ್’ ಎಂದರೆ ಹೇಳಿದ್ದೇನೆ ಎಂದು. ‘ಫ್ಯಾಮಿಲಿ’ ಎಂದರೆ ಹೆಂಡತಿ. ಕೋಶಕಾರರು ಇದನ್ನು ವಿಚಿತ್ರವೆಂದು ಬಗೆದರು. ಕನ್ನಡ ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ‘ಈಗ ಹೇಳುತ್ತೇನೆ’, ‘ನಾಳೆ ಹೇಳುತ್ತೇನೆ’ ಎರಡಕ್ಕೂ ನಾವು ಬಳಸುವುದು ಒಂದೇ ಕ್ರಿಯಾರೂಪವನ್ನಲ್ಲವೇ? ‘ಹೇಳಿ ಆಯಿತು’ ಎಂಬಲ್ಲಿನ ‘ಆಯಿತು’ ಮಾಡುವ ಕೆಲಸವನ್ನೇ ‘ಡನ್’ ಅಲ್ಲಿ ಮಾಡುತ್ತಿದೆ. ನಮ್ಮ ಹಿರಿಯರು ಹೆಂಡತಿಯ ಹೆಸರು ಹೇಳದೆ ‘ನಮ್ಮ ಕುಟುಂಬ’ ಎನ್ನುತ್ತಿದ್ದರು. ಇಂದಿಗೂ ‘ಫ್ಯಾಮಿಲಿ ಊರಿಗೆ ಹೋಗಿದ್ದಾರೆ’ ಎನ್ನುವವರಿದ್ದಾರೆ. ಬಟ್ಲರ್ ತನ್ನ ನುಡಿಯ ಚೌಕಟ್ಟಿನಲ್ಲಿ ಇಂಗ್ಲಿಷ್ ಪದಗಳನ್ನು ಜೋಡಿಸುತ್ತಿದ್ದ ಎಂದೇ ನನ್ನ ತಿಳಿವಳಿಕೆ.

ಅದೇ ಕೋಶ ಹೇಳುವ ಇನ್ನೊಂದು ಸಂಗತಿಯನ್ನು ನಾವು ಮರೆತಿದ್ದೇವೆ. ಸೇವಕರು ಮಾತ್ರವಲ್ಲ, ದೊರೆಗಳು ಕೂಡ ಸೇವಕರೊಡನೆ ಇದೇ ಇಂಗ್ಲಿಷ್ ಆಡುತ್ತಿದ್ದರು. ಎಷ್ಟೋ ವರ್ಷ ಇಲ್ಲಿದ್ದರೂ ಇಲ್ಲಿನ ಒಂದು ಭಾಷೆಯನ್ನಾದರೂ ಕಲಿಯದವರ ಮನೆ ನಡೆದದ್ದು ಈ ಮಾತಿನಿಂದಲೇ. ಇಬ್ಬರೂ ಆಡಿದ ಭಾಷೆಯ ನಗೆಪಾಟಲು ಮಾತ್ರ ಬಟ್ಲರನೊಬ್ಬನ ಪಾಲಿಗೆ ಉಳಿದದ್ದು ಅನ್ಯಾಯ. ಅದಕ್ಕಿಂತ ನೋವಿನ ಸಂಗತಿಯೆಂದರೆ, ಶಾಲಾಕಾಲೇಜುಗಳಲ್ಲಿ ಇಂಗ್ಲಿಷ್ ಕಲಿತ ನಮ್ಮವರೇ ಆ ನಗೆಯನ್ನು ಎತ್ತಿಕೊಂಡು ಬೈಗುಳವಾಗಿ ಬಳಸಿದರು.

ಪ್ರಶ್ನೆ: ಖಾನ್ಸಾಮಾ, ಬೇರರ್, ಬಟ್ಲರ್ ಮೂವರೂ ಒಂದೇಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮದ್ರಾಸಿನಲ್ಲಿ ಬಟ್ಲರ್ ಮಾಡುತ್ತಿದ್ದ ಕೆಲಸವನ್ನು ಬಂಗಾಳದಲ್ಲಿ ಖಾನ್ಸಾಮಾ ಮಾಡುತ್ತಿದ್ದ. ಅದು ಪಾರಸಿ ಮೂಲದ ಪದ, ಮನೆಯ ಸಾಮಾನುಗಳ ಒಡೆಯ ಎಂದು ಅದರ ಅರ್ಥ. ಕಾಲಾಂತರದಲ್ಲಿ ಅಡುಗೆಯವನಿಗೂ ಆ ಹೆಸರು ಬಂದಿತು. ಬೇರರ್ ಎಂಬುವನು ಮೊದಲಿಗೆ ಪಲ್ಲಕ್ಕಿ ಹೊರುವವನು. ಆಮೇಲೆ ಬಂಗಾಳದಲ್ಲಿ ಒಡೆಯನ ಬಟ್ಟೆಬರೆ ನೋಡಿಕೊಳ್ಳುವ ಆಳಿಗೆ ಆ ಹೆಸರಾಗಿ, ಕೊನೆಗೆ ಕ್ಲಬ್ಬು ಮತ್ತು ಹೋಟೆಲುಗಳಲ್ಲಿ ತಿಂಡಿ ತಂದಿಡುವವನಿಗೆ ಉಳಿದುಕೊಂಡಿತು.

ಇವರೊಡನೆ ಇನ್ನೊಂದು ಹೆಸರನ್ನೂ ಸೇರಿಸಬೇಕು. ದಕ್ಷಿಣದ ದೊರೆಗಳು ಸೇವಕನನ್ನು ‘ಬಾಯ್’ ಎಂದು ಕೂಗುತ್ತಿದ್ದರು. ಹುಡುಗ ಎಂಬ ಇಂಗ್ಲಿಷ್ ಪದದ ಜೊತೆಗೆ, ಪಲ್ಲಕ್ಕಿ ಹೊರುವವರನ್ನು ಸೂಚಿಸುವ ನಮ್ಮ ‘ಬೋಯಿ’ಯೂ ಆ ಕೂಗಿನಲ್ಲಿ ಬೆರೆತುಹೋಗಿತ್ತು. ಉಗ್ರಾಣದ ಬೀಗದಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ತಲೆ ನರೆತ ಬಟ್ಲರನೂ ಆ ಕೂಗಿಗೆ ಓಗೊಟ್ಟು ವರಾಂಡಕ್ಕೆ ಬರಬೇಕಾಗಿತ್ತು.